ಗೊಬ್ಬರದ ಪುಸ್ತಕದಲ್ಲಿ ಹೆಸರು

ರೇವಣಸಿದ್ದ ಸುಳ್ಳು ಹೇಳುವ ಮನುಷ್ಯನಲ್ಲ. ಆರು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ರಾಯಚೂರಿನ ಅವನ ಕಚೇರಿಯ ಸೂಪರಿಂಟೆಂಡೆಂಟ್ ಶಿವರಾಜ ಅವರು ಚಹಾ ಕುಡಿಯುತ್ತ, "ಮಾವಾರ್ದು ಎಷ್ಟದಪಾ?" ಎಂದು ಕೇಳಿದಾಗ, "ನೂರಾ ಅರವತ್ತ್ರೀ" ಎಂದಿದ್ದ. ಅದು ಅಕ್ಷರಶಃ ನಿಜ. ದೇವದುರ್ಗ ತಾಲ್ಲೂಕಿನ ಮಸರಕಲ್ ಕಡೆಯ ಅವನ ಮಾವ ಕನಕರಾಯನಿಗೆ ಸರಿಯಾಗಿ ನೂರಾ ಅರವತ್ತು ಕುರಿಗಳಿದ್ದವು. ಶಿವರಾಜ ಅವರು ಅದನ್ನು ಎಕರೆ ಎಂದುಕೊಂಡರೆ ಅದು ಅವರ ಕಲ್ಪನಾಶಕ್ತಿ. ತಿದ್ದಬೇಕೆಂದು ರೇವಣಸಿದ್ದ ಬಾಯಿ ತೆರೆದಿದ್ದ. ಅಷ್ಟರಲ್ಲಿ ಯಾರೋ ಅವನಿಗೆ ಕುರ್ಚಿ ಸರಿಸಿದರು. ದ್ವಿತೀಯ ದರ್ಜೆ ಸಹಾಯಕನಿಗೆ ಆ ಕಚೇರಿಯಲ್ಲಿ ಕುರ್ಚಿ ಸರಿಸಿದ್ದು ಅದೇ ಮೊದಲು. ತೆರೆದ ಬಾಯಿಗೆ ಅವನು ಬಿಸ್ಕತ್ತು ಹಾಕಿಕೊಂಡ.

ಆ ಬಿಸ್ಕತ್ತಿನ ಪರಿಣಾಮ ದೂರ ಹೋಯಿತು. ನೂರಾ ಅರವತ್ತು ಎಕರೆಯ ಜಮೀನ್ದಾರ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಅಳಿಯನ ಮನೆಗೆ ಬಂದರೆ ಬಡಾವಣೆಯವರು ಏನೆನ್ನಬೇಕು? ಹಾಗಾಗಿ ಮಾವನನ್ನು ಕರೆಯುವ ಕೆಲಸ ಪ್ರತಿ ತಿಂಗಳೂ ಮುಂದಿನ ತಿಂಗಳಿಗೆ ಹೋಗುತ್ತಿತ್ತು. "ಮುಂದಿನ ತಿಂಗಳು ಕರಿಯೋಣ" ಎಂದಾಗಲೆಲ್ಲ ಹೆಂಡತಿ ಭಾಗ್ಯಜ್ಯೋತಿ ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಿದ್ದಳು, ಅವನ ಕಡೆ ನೋಡುತ್ತಿರಲಿಲ್ಲ. ಹೀಗೆ ಆರು ಕ್ಯಾಲೆಂಡರುಗಳು ಇಳಿದವು.

ಇಷ್ಟರಲ್ಲಿ ಮಸರಕಲ್ ಹತ್ತಿರ, ಕಾಲುವೆಯ ಪಕ್ಕದ ಎರೆ ಭೂಮಿಯಲ್ಲಿ ಯಾರೋ ದ್ರಾಕ್ಷಿ ಹಚ್ಚಿ, ವೈನ್ ಮಾಡಿ, ತೋಟದ ನಡುವೆ ಹೋಟೆಲನ್ನೂ ಕಟ್ಟಿದರು. ರಾತ್ರಿ ಉಳಿಯಬಹುದಂತೆ. ಈ ಸುದ್ದಿ ರಾಯಚೂರಿಗೆ ಬಂದ ದಿನದಿಂದ ಊರಿಗೆ ಒಂದು ಬಗೆಯ ತುರಿಕೆ ಶುರುವಾಯಿತು. ಕುಡಿಯುವ ಆಸೆ ಯಾರಿಗೂ ಇರಲಿಲ್ಲ, ಇದ್ದವರಿಗೆ ಹತ್ತಿರದಲ್ಲೇ ಬೇರೆ ವ್ಯವಸ್ಥೆ ಇತ್ತು. ಒಳಗೆ ಏನಿದೆ ಎಂದು ತಿಳಿಯುವ ಆಸೆ ಮಾತ್ರ ಎಲ್ಲರಿಗೂ ಇತ್ತು.

"ಬಾಯಾಗ ಹಾಕ್ಕೊಂಡು, ಮುಕ್ಕಳಿಸಿ, ಬಕೀಟ್‌ನಾಗ ಉಗುಳ್ತಾರಂತ," ಎಂದ ಪಕ್ಕದ ಟೇಬಲ್ಲಿನ ಜಿಲಾನಿ ಪಾಷಾ. "ಉಗುಳೋದಾದ್ರ ದ್ರಾಕ್ಷಿ ಯಾಕ ಹಾಳು ಮಾಡಬೇಕು? ನಲ್ಲಿ ನೀರು ಸಾಕಲ್ಲ. ರೇವಣ್ಣ, ನಿಮ್ಮ ಮಾವಾರ ಹೊಲದ ಬಾಜೂನ ಅದಲ್ಲ, ನೀ ಒಳಗ ಹೋಗೇ ಇರ್ತಿ."

ರೇವಣಸಿದ್ದ ಈಗಲೂ ಸುಳ್ಳು ಹೇಳಲಿಲ್ಲ. "ಈ ಶನಿವಾರ ಹೋಗಾಕತ್ತೀನಿ. ರಾತ್ರಿ ಅಲ್ಲೇ ವಸ್ತಿ" ಎಂದ. ಭವಿಷ್ಯದ ಮಾತು ಸುಳ್ಳಾಗಲು ಶನಿವಾರದವರೆಗೆ ಸಮಯವಿರುತ್ತದೆ.

ಶಿವರಾಜ ಅವರು ಕಡತದಿಂದ ತಲೆ ಎತ್ತಿದರು. "ಹಂಗಾದ್ರ ಭಾನುವಾರ ಮುಂಜಾನಿ ನಾವೂ ಬರ್ತೀವಿ. ನಮ್ಮ ಸುನಂದಾ ವರ್ಷದಿಂದ ಜೀವ ತಿನ್ನಾಕತ್ತಾಳ, ಒಳಗ ಹ್ಯಾಂಗದ ನೋಡಬೇಕಂತ. ಮಾವಾರ್ನೂ ಅಲ್ಲಿಗೆ ಕರಸು. ನೂರಾ ಅರವತ್ತು ಎಕರೆ ಸೀಲಿಂಗ್ ಕಾಯ್ದೆ ಕಣ್ಣಿಗೆ ಬೀಳದಂಗ ಹ್ಯಾಂಗ ಇಟ್ಕೊಂಡಾರ, ಕೇಳಬೇಕು ನಾ."

ಸಂಜೆಯ ಹೊತ್ತಿಗೆ ಸುದ್ದಿ ಬಡಾವಣೆಗೂ ಮುಟ್ಟಿತ್ತು. ಎದುರು ಮನೆಯ ವಿಜಯಲಕ್ಷ್ಮಿ, ಇಷ್ಟಲಿಂಗ ಪೂಜೆಯಾಗದೆ ನೀರೂ ಕುಡಿಯದ ಹೆಂಗಸು, ಗೇಟಿನ ತನಕ ಬಂದು, "ನಾವು ಅದರ ವಾಸನಿ ಸೈತ ತಗೊಳ್ಳಂಗಿಲ್ಲಪ್ಪ. ಆದ್ರ ಹಾಸಿಗಿ ಮ್ಯಾಲ ಹೂವು ಹಾಕಿರ್ತಾರಂತ. ಮಲಗೋವಾಗ ಆ ಹೂವು ಎಲ್ಲಿ ತೆಗೆದಿಡ್ತಾರ, ಅದೊಂದು ನೋಡ್ಕೊಂಡು ಬಾ" ಎಂದು ಹೇಳಿ ಹೋದಳು.

ರೇವಣಸಿದ್ದ ಹೋಟೆಲಿಗೆ ಫೋನ್ ಮಾಡಿದ. ಮೈಸೂರು ಕಡೆಯ ಹೆಣ್ಣುಧ್ವನಿಯೊಂದು ಬಹಳ ಮೃದುವಾಗಿ, "ಕ್ಷಮಿಸಿ ಸರ್, ಒಂದು ರಾತ್ರಿಯೂ ಖಾಲಿ ಇಲ್ಲ. ಜೂನ್‌ವರೆಗೂ ಭರ್ತಿ. ಬೇಕಾದರೆ ನಿಮ್ಮ ಹೆಸರು ಬರೆದಿಟ್ಟುಕೊಳ್ತೀವಿ" ಎಂದಿತು.

ಗತಿಯಿಲ್ಲದೆ ಅವನು ಮಾವನಿಗೆ ಫೋನ್ ಹಚ್ಚಿದ. "ಮಾವಾರ, ಆ ದ್ರಾಕ್ಷಿ ತೋಟದಾಗ ನಿಮಗ ಯಾರರ ಗುರ್ತು ಅದಾರೇನ್ರಿ? ಶನಿವಾರ ಒಂದು ರಾತ್ರಿ ಹ್ಯಾಂಗರ ಮಾಡಿ ಒಳಗ ಇರಬೇಕಾಗೇದ. ನಾನು, ನಿಮ್ಮ ಮಗಳು."

"ಅಷ್ಟೇ ಏನು," ಎಂದ ಕನಕರಾಯ. "ಅಲ್ಲಿ ತೋಟದ ಮೇಸ್ತ್ರಿ ಮೂಕಪ್ಪ ನನ್ನ ಮನಷ್ಯಾ. ಎರಡು ತಿಂಗಳಿಂದ ಬಾ ಬಾ ಅಂತ ಗಂಟು ಬಿದ್ದಾನ. ನಾನ ಒಲ್ಲೆ ಅಂದಿದ್ದೆ. ಶನಿವಾರ ಬ್ಯಾರೆ ಕಡೆ ಮಾತು ಕೊಟ್ಟೀನಿ, ಇರ್ಲಿ, ನೀ ಕೇಳಿದಿ ಅಂದಮ್ಯಾಲ ಹೋಗೂಣಂತ."

"ರೊಕ್ಕ ಎಷ್ಟಾಗ್ತದ್ರೀ?"

"ನಾವ್ಯಾಕ ಕೊಡೂಣಪ್ಪ ರೊಕ್ಕ? ಅವರ ಕೊಡಬೇಕು. ನಾಕು ಸೇರು ಜ್ವಾಳ ಕೊಡ್ತಾರ."

ದೊಡ್ಡ ಹೋಟೆಲುಗಳಲ್ಲಿ ಅತಿಥಿಗೆ ಬುಟ್ಟಿ ತುಂಬ ಕಾಣಿಕೆ ಇಡುತ್ತಾರೆಂದು ರೇವಣಸಿದ್ದ ಓದಿದ್ದ. ಸಿರಿಧಾನ್ಯದ ಕಾಲ, ಜೋಳ ಇಡುವುದು ಸಹಜವೇ ಎನಿಸಿತು. "ಮಲಗೋದು ಎಲ್ಲಿರ್ತದ್ರೀ?"

"ಬಳ್ಳಿ ಸಾಲಿನ ನಡುವ. ಕಣ್ಣು ತೆಗೆದ್ರ ಚುಕ್ಕಿ ಕಾಣ್ತಾವ. ನಾಯಿ ಎರಡೂ ಬರ್ತಾವ."

"ನಾಯಿಗೂ ಒಳಗ ಬಿಡ್ತಾರೇನ್ರಿ?"

"ನಾಯಿ ಇಲ್ಲದ ವಸ್ತಿ ಹ್ಯಾಂಗ ಆಗ್ತದೋ," ಎಂದು ಕನಕರಾಯ ಆಶ್ಚರ್ಯಪಟ್ಟ.

ಇಲ್ಲಿ ಕಥೆಗಾರ ಒಂದು ಮಾತು ಹೇಳಿಬಿಡಬೇಕು. ಈ ಸೀಮೆಯಲ್ಲಿ ಫಸಲು ತೆಗೆದ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಕುರುಬ ತನ್ನ ಹಿಂಡಿನೊಂದಿಗೆ ರಾತ್ರಿ ಅಲ್ಲೇ ಮಲಗುತ್ತಾನೆ, ಕುರಿ ಹಿಕ್ಕೆ ಹಾಕುತ್ತವೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಬೆಳಗ್ಗೆ ಹೊಲದವನು ಜೋಳ ಅಳೆದು ಕೊಟ್ಟು ಕಳಿಸುತ್ತಾನೆ. ನಲವತ್ತು ಹಳ್ಳಿಗಳಲ್ಲಿ ಹೀಗೆ ರಾತ್ರಿ ಕಳೆದ ಕನಕರಾಯನಿಗೆ, ಪರರ ಜಾಗದಲ್ಲಿ ಮಲಗಿದವನು ತಾನೇ ಹಣ ಕೊಡುವ ಪದ್ಧತಿ ಲೋಕದಲ್ಲಿದೆ ಎಂದು ಗೊತ್ತಿರಲಿಲ್ಲ. ರೇವಣಸಿದ್ದನಿಗಾದರೂ ಹೊಳೆಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅವನೂ ಹಾಲುಮತದವನೇ. ಆದರೆ ಅವನು ಆರು ವರ್ಷದಿಂದ ಕುರಿಯ ವಿಷಯ ನೆನಪಾಗದಂತೆ ಅಭ್ಯಾಸ ಮಾಡಿದ್ದ. ಅಭ್ಯಾಸ ಚೆನ್ನಾಗಿಯೇ ಕೈಗೂಡಿತ್ತು.

ಶುಕ್ರವಾರ ಕಚೇರಿಯಲ್ಲಿ ಅವನು ವಿವರ ಒದಗಿಸಿದ. ಬಯಲಿನಲ್ಲಿ ಶಯ್ಯೆ. ಸಿರಿಧಾನ್ಯದ ಕಾಣಿಕೆ. ನಾಯಿಗೂ ಪ್ರವೇಶ. ಹಣ ಮುಟ್ಟುವುದೇ ಇಲ್ಲ, ಮಾವನವರ ಹೆಸರು ಹೇಳಿದರೆ ಸಾಕು. ಜಿಲಾನಿ ಪಾಷಾ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ.

ಶನಿವಾರ ನಾಲ್ಕು ಗಂಟೆಗೆ, ಏಪ್ರಿಲ್ ಬಿಸಿಲಿನಲ್ಲಿ, ಮದುವೆಯ ಬ್ಲೇಜರ್ ತೊಟ್ಟು, ಗಾಲಿ ಸೂಟ್‌ಕೇಸ್ ಎಳೆಯುತ್ತ ರೇವಣಸಿದ್ದ ಎಸ್ಟೇಟಿನ ಮುಂಬಾಗಿಲಲ್ಲಿ ಆಟೋ ಇಳಿದ. ಹಿಂದೆ ಭಾಗ್ಯಜ್ಯೋತಿ. ಕಾವಲಿನ ಅಮೀರ್ ಸಾಬ್ ಚರ್ಮದ ರಟ್ಟಿನ ಪುಸ್ತಕ ತೆಗೆದು ಬೆರಳಾಡಿಸಿದ.

"ರೇವಣಸಿದ್ದ... ಇಲ್ರೀ ಸಾಹೇಬ್ರ."

"ಕನಕರಾಯ ಅಂತ ನೋಡ್ರಿ. ಮಸರಕಲ್ ಕನಕರಾಯ."

ಅಮೀರ್ ಸಾಬನ ಮುಖ ಅರಳಿತು. ಚರ್ಮದ ಪುಸ್ತಕ ಮುಚ್ಚಿ, ಮೇಜಿನ ಕೆಳಗಿನಿಂದ ಮೂಲೆ ಮಡಚಿದ ಇನ್ನೊಂದು ಪುಸ್ತಕ ತೆಗೆದ. "ಹಾಂ, ಅದ. ಕನಕರಾಯ, ನೂರಾ ಅರವತ್ತು, ಜೊತಿಗೆ ಇಬ್ಬರು ಜಾಸ್ತಿ. ಹಿಂದಿನ ಗೇಟ್ರೀ."

"ಅದು ಯಾವ ಪುಸ್ತಕ?"

"ಗೊಬ್ಬರದ್ರೀ."

ಭಾಗ್ಯಜ್ಯೋತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿಸಿಲಿನ ಝಳ ಇದ್ದೀತು.

ಹಿಂದಿನ ಗೇಟಿನಲ್ಲಿ ದೂಳು, ದೂಳಿನೊಳಗೆ ನೂರಾ ಅರವತ್ತು ಕುರಿ, ಕುರಿಗಳ ನಡುವೆ ಕನಕರಾಯ. ಅತ್ತೆ ಬಂಡೆಮ್ಮ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, "ಬಾರಪ್ಪ, ರೊಟ್ಟಿ ಇನ್ನೂ ಬಿಸಿ ಅದಾವ. ಇದೇನು ಮೈಮ್ಯಾಲ, ಚಳಿ ಜರ ಬಂದಾವೇನು?" ಎಂದಳು.

ಮೇಸ್ತ್ರಿ ಮೂಕಪ್ಪ ಹೆಸರಿಗೆ ತಕ್ಕವನಾಗಿರಲಿಲ್ಲ. "ಬರ್ರಿ ಅಳಿಯಾರ. ನಮ್ಮಲ್ಲಿ ಸಾವಯವ ಅಂತ ದೊಡ್ಡ ಬೋರ್ಡ್ ಹಾಕ್ಯಾರ. ಬೋರ್ಡಿಗೆ ತಕ್ಕಂಗ ಗೊಬ್ಬರ ಬೇಕಲ್ಲ. ಬಳ್ಳಿ ಸವರಿ ಆಗೇದ, ತಿನ್ನಾಕ ಒಂದು ಎಲಿ ಇಲ್ಲ, ಚಿಂತಿ ಇಲ್ಲ. ಒಂದೇ ಮಾತು, ಹನ್ನೆರಡನೇ ಸಾಲಿನಿಂದ ಇಪ್ಪತ್ತನೇ ಸಾಲಿನ ತನಕ ಮಲಗಬೇಕು. ಆ ಕಡಿ ಹೊಳ್ಳಬಾರದು. ಗೊಬ್ಬರ ಎಲ್ಲಾ ಸಮ ಬೀಳಬೇಕು."

"ನನಗೂ ಅನ್ವಯ ಆಗ್ತದೇನ್ರಿ?" ಎಂದು ರೇವಣಸಿದ್ದ ಕೇಳಿದ. ಮೂಕಪ್ಪ ಅವನನ್ನು ಒಮ್ಮೆ ಅಳತೆ ಮಾಡಿ ನೋಡಿ, "ನಿಮ್ಮ ಇಷ್ಟ" ಎಂದ.

ಹೋಟೆಲು ಅಲ್ಲೇ ಇತ್ತು. ಇಪ್ಪತ್ತೊಂದನೇ ಸಾಲಿನಾಚೆ ಗೋಡೆ, ಗೋಡೆಯಾಚೆ ಗಾಜಿನ ಬಾಲ್ಕನಿ. ಬಾಲ್ಕನಿಯ ಮೇಲೆ ಹೈದರಾಬಾದಿನ ಜನ ನಿಂತು ಮೊಬೈಲ್ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ಸದ್ದಿಲ್ಲದ ಬ್ಯಾಟರಿ ಗಾಡಿಯಲ್ಲಿ ಮ್ಯಾನೇಜರ್ ಉಮಾಶ್ರೀ ಬಂದಿಳಿದಳು. ಫೋನಿನ ಮೃದುಧ್ವನಿ ಅವಳದೇ.

"ಮೂಕಪ್ಪ, ಈ ಸೌಂಡು ಪ್ಯಾಕೇಜಿನಲ್ಲಿ ಇದೆಯಾ ಅಂತ ಗೆಸ್ಟುಗಳು ಕೇಳ್ತಿದ್ದಾರೆ."

"ಏನಂದ್ರಿ ಮೇಡಂ?"

"ಇದೆ ಅಂದೆ. ಈ ಸರ್ ಯಾರು? ಕೋಟು ಹಾಕಿಕೊಂಡು ಕುರಿ ಮಧ್ಯೆ ನಿಂತಿದ್ದಾರೆ. ಮಾಲಿನ್ಯ ಇಲಾಖೆಯವರಾ?"

"ಇಲ್ರೀ, ಕನಕರಾಯನ ಅಳಿಯ. ವಸ್ತಿಗೆ ಬಂದಾರ."

ಉಮಾಶ್ರೀ ರೇವಣಸಿದ್ದನ ಸೂಟ್‌ಕೇಸ್ ನೋಡಿದಳು. ಕುರಿಯೊಂದು ಅದರ ಹಿಡಿಕೆ ನೆಕ್ಕುತ್ತಿತ್ತು. ಆಮೇಲೆ ಭಾಗ್ಯಜ್ಯೋತಿಯ ಬೆವರಿದ ಮುಖ ನೋಡಿ, "ಅಕ್ಕ, ನೀವು ಒಳಗೆ ಬಂದು ಮುಖ ತೊಳ್ಕೊಳ್ಳಿ. ಒಂದು ರೂಮಿನವರು ತಡವಾಗಿ ಬರ್ತಾರೆ" ಎಂದು ಗಾಡಿ ಹತ್ತಿಸಿಕೊಂಡು ಹೋದಳು. ರೇವಣಸಿದ್ದನೂ ಒಂದು ಕಾಲು ಎತ್ತಿದ್ದ. ಗಾಡಿಗೆ ಇಬ್ಬರದೇ ಜಾಗ.

ಒಂದು ಗಂಟೆಯ ಮೇಲೆ ಭಾಗ್ಯಜ್ಯೋತಿ ತಿರುಗಿ ಬಂದಾಗ ಅವಳ ಕೂದಲಿನಿಂದ ಯಾವುದೋ ಹೂವಿನ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ರೇವಣಸಿದ್ದನ ಮೊಬೈಲಿಗೆ ಹದಿನೇಳು ಪ್ರಶ್ನೆಗಳು ಬಂದಿದ್ದವು. ಹಾಸಿಗೆ ಎಷ್ಟು ಎತ್ತರ? ಬಕೀಟು ಸ್ಟೀಲಿನದೋ ಬೆಳ್ಳಿಯದೋ? ಹೂವಿನದು ಏನಾಯಿತು?

"ಏನೇನು ನೋಡಿದಿ? ಹೇಳು," ಎಂದ.

"ಎಲ್ಲಾ ನೋಡಿದೆ."

"ಹೂವು ಎಲ್ಲಿಡ್ತಾರ?"

ಭಾಗ್ಯಜ್ಯೋತಿ ತಾಯಿಯ ಪಕ್ಕ ಕೂತು ರೊಟ್ಟಿ ಮುರಿದಳು. ಅಪ್ಪ ದೂರದಲ್ಲಿ ಕುರಿಗಳ ಸುತ್ತ ಕಟ್ಟುವ ಬಲೆಯ ಗೂಟ ಬಡಿಯುತ್ತಿದ್ದುದನ್ನು ನೋಡಿಕೊಂಡು ಹೇಳಿದಳು: "ಮುಂಜಾನಿ ನಿಮ್ಮ ಸಾಹೇಬ್ರು ಬರ್ತಾರಲ್ಲ. ಅವರ ಮುಂದ ನಮ್ಮಪ್ಪ ಏನು ಮಾಡ್ತಾನ ಅಂತ ನಿಮ್ಮ ಬಾಯಿಲೆ ಹೇಳ್ರಿ. ಆಮ್ಯಾಲ ಹೂವಿಂದು ಹೇಳ್ತೀನಿ. ಹೇಳಲಿಲ್ಲಂದ್ರ ನಾ ಇವರ ಜೊತಿನ ಮುಂದಿನ ಹೊಲಕ್ಕ ಹೋಗ್ತೀನಿ. ನೀವು ರಾಯಚೂರಿಗೆ ಹೋಗ್ರಿ, ಎಕರೆ ಕಟ್ಕೊಂಡು."

ಮೆಲ್ಲಗೆ ಹೇಳಿದ ಮಾತು. ಎರಡೂ ನಾಯಿಗಳು ತಲೆ ಎತ್ತಿ ರೇವಣಸಿದ್ದನನ್ನು ನೋಡಿದವು.

ಅವನಿಗೆ ನಿದ್ದೆ ಬರಲಿಲ್ಲ ಎಂದಷ್ಟೇ ಹೇಳಿ ಆ ರಾತ್ರಿಯನ್ನು ದಾಟಿಬಿಡೋಣ. ಬೆಳಗಾಗುವುದರೊಳಗೆ ಅವನ ತಲೆಯಲ್ಲಿ ಒಂದು ಉಪಾಯ ಹುಟ್ಟಿತ್ತು, ಮತ್ತು ಹಿಂಡಿನಲ್ಲಿ ಒಂದು ಮರಿ. ಎರಡರಲ್ಲಿ ಮರಿಯೇ ಹೆಚ್ಚು ಗಟ್ಟಿಯಾಗಿತ್ತು.

"ಮಾವಾರ, ಈ ಕೋಟು ಒಂದೀಟು ಹಾಕ್ಕೋರಿ. ನಮ್ಮ ಸಾಹೇಬ್ರು ಬರ್ತಾರ. ಎಷ್ಟದ ಅಂತ ಕೇಳಿದ್ರ ನೂರಾ ಅರವತ್ತು ಅನ್ರಿ, ಸಾಕು. ಆಮ್ಯಾಲ ಸುಮ್ನಿರ್ರಿ."

ಕನಕರಾಯ ಧೋತರದ ಮೇಲೆ ಬ್ಲೇಜರ್ ತೊಟ್ಟು, ಕುತೂಹಲದಿಂದ ಅದರ ಎಲ್ಲಾ ಕಿಸೆಗಳಲ್ಲೂ ಕೈ ಹಾಕಿ ನೋಡಿದ. "ಕಿಸೆ ಛಲೋ ಅದಾವ," ಎಂದವನೇ ಹೊಸ ಮರಿಯನ್ನು ಎತ್ತಿ ಬಲಗಿಸೆಯಲ್ಲಿ ಇಟ್ಟುಕೊಂಡ. ಕಿಸೆಯ ಹೊರಗೆ ತಲೆ ಹಾಕಿ ಅದು ಲೋಕವನ್ನು ಮೊದಲ ಸಲ ನೋಡಿತು.

ಹತ್ತು ಗಂಟೆಗೆ ಶಿವರಾಜ ದಂಪತಿಗಳು ಮುಂಬಾಗಿಲಿಗೆ ಬಂದರು. ಅಮೀರ್ ಸಾಬ್ ಹೆಸರು ಕೇಳಿ, ಈ ಬಾರಿ ಚರ್ಮದ ಪುಸ್ತಕ ಮುಟ್ಟುವ ಶ್ರಮ ತೆಗೆದುಕೊಳ್ಳದೆ, "ಗೊಬ್ಬರದವರೇನ್ರಿ, ಹಿಂದಿನ ಗೇಟು" ಎಂದ. ಸುನಂದಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹಿಕ್ಕೆಗಳ ನಡುವೆ ಹೆಜ್ಜೆ ಹುಡುಕುತ್ತ ಬಂದಳು. ಅವಳ ಮುಂದೆ ಶಿವರಾಜ. ಅವರ ಮುಂದೆ ಬ್ಲೇಜರ್ ತೊಟ್ಟ, ರುಮಾಲು ಸುತ್ತಿದ, ಕಿಸೆಯಲ್ಲಿ ಮರಿ ಇಟ್ಟುಕೊಂಡ ಮುದುಕ.

"ಶರಣ್ರೀ," ಎಂದ ಕನಕರಾಯ.

"ಶರಣು. ನೀವ ಏನ್ರಿ ಮಾವಾರು? ಒಟ್ಟು ಎಷ್ಟದ್ರೀ ನಿಮ್ಮದು?"

"ನೂರಾ ಅರವತ್ತು," ಎಂದು ಕನಕರಾಯ ಒಪ್ಪಿಸಿದ. ಆಮೇಲೆ ಕಿಸೆ ನೋಡಿಕೊಂಡು, ಪ್ರಾಮಾಣಿಕ ಮನುಷ್ಯನಾದ್ದರಿಂದ, "ಒಂದು ಹೆಚ್ಚಾತು, ಮುಂಜಾನಿ" ಎಂದ.

"ಎಲ್ಲಿ ಬರ್ತದ್ರೀ ಹೊಲ?"

ಕನಕರಾಯ ಸುಮ್ಮನಿದ್ದ; ಹಾಗೆಂದೇ ಮಾತಾಗಿತ್ತಲ್ಲ. ಶಿವರಾಜ ಅಳಿಯನ ಕಡೆ ತಿರುಗಿದರು. ಬಂಡೆಮ್ಮನ ಕೈಯಲ್ಲಿನ ಚಹಾದ ಬಟ್ಟಲು ನಡುದಾರಿಯಲ್ಲಿ ನಿಂತಿತು. ಭಾಗ್ಯಜ್ಯೋತಿ ಆರು ವರ್ಷದಲ್ಲಿ ಮೊದಲ ಸಲ, ಇಂಥ ಹೊತ್ತಿನಲ್ಲಿ, ನೇರ ಗಂಡನ ಮುಖ ನೋಡುತ್ತಿದ್ದಳು. ಅಲ್ಲಿ ನೋಡಲು ಕ್ಯಾಲೆಂಡರ್ ಇರಲಿಲ್ಲ.

"ಎಕರೆ ಅಲ್ರೀ ಸರ್," ಎಂದ ರೇವಣಸಿದ್ದ. "ಕುರಿ. ನೂರಾ ಅರವತ್ತು ಕುರಿ. ನಮ್ಮ ಮಾವ ಕುರಿ ಕಾಯ್ತಾರ. ಒಂದು ಗುಂಟೆ ಹೊಲ ಇಲ್ರೀ. ಆವತ್ತ ಹೇಳಬೇಕಿತ್ತು ನಾ, ಬಿಸ್ಕೀಟ್ ತಿಂದೆ."

ಸುನಂದಾ "ಅಯ್ಯ ಶಿವನ" ಎಂದಳು. ಶಿವರಾಜ ಬಗ್ಗಿ ನಾಲ್ಕು ಹಿಕ್ಕೆ ಹೆಕ್ಕಿದರು.

ಅದೇ ವೇಳೆಗೆ ಮೇಲಿನ ಬಾಲ್ಕನಿಯಲ್ಲಿ ಹೈದರಾಬಾದಿನವರಿಗೆ ಹತ್ತು ಗಂಟೆಯ ರುಚಿ ನೋಡುವ ಪಾಠ ನಡೆದಿತ್ತು. ಅವರು ಗ್ಲಾಸು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಮೂಗು ಹತ್ತಿರ ತಂದು ಕಣ್ಣು ಮುಚ್ಚಿದರು. ಕೆಳಗೆ ಶಿವರಾಜ ಹಿಕ್ಕೆಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಹುಡಿ ಮಾಡಿ, ಮೂಗು ಹತ್ತಿರ ತಂದು ಕಣ್ಣು ಮುಚ್ಚಿದರು. ಬಾಲ್ಕನಿಯವರು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಉಗುಳಿದರು. ಶಿವರಾಜ ಹಾಗೆ ಮಾಡಬೇಕಾದ ಪ್ರಸಂಗ ಬರಲಿಲ್ಲ.

"ಏನು ಮೇಯಿಸ್ತೀರಿ?" ಎಂದರು.

"ಜಾಲಿ ಕಾಯಿ, ಬೇವಿನ ತೊಪ್ಪಲ, ಬೆಳಿ ತೆಗೆದ ಹತ್ತಿ ಹೊಲ."

"ಬೇವು ಅದ, ಗೊತ್ತಾಗ್ತದ." ಶಿವರಾಜರ ಕಂಠದಲ್ಲಿ ಕಚೇರಿಯಲ್ಲಿ ಯಾರೂ ಕೇಳಿರದ ಒಂದು ವಿನಯ ಬಂದಿತ್ತು. "ಯಜಮಾನ್ರ, ಮಾನ್ವಿ ತಾಲ್ಲೂಕಿನ ನೀರಮಾನ್ವಿಯಾಗ ನಂದು ಹನ್ನೊಂದು ಎಕರೆ ನೆಲ್ಲಿನ ಗದ್ದಿ ಅದ. ಚೀಲದ ಗೊಬ್ಬರ ಹಾಕಿ ಹಾಕಿ ಮಣ್ಣು ಸತ್ತು ಹೋಗೇದ. ಮೂರು ವರ್ಷ ಆತು, ಕುರಿ ನಿಲ್ಲಸಾಕ ಒಬ್ಬರೂ ಸಿಗವಲ್ರು. ಒಂದು ನಾಕು ರಾತ್ರಿ ಬರ್ರಿ."

ಕನಕರಾಯ ಬೆರಳ ಗೆಣ್ಣುಗಳ ಮೇಲೆ ಏನೋ ಲೆಕ್ಕ ಹಾಕಿದ. "ಒಂದು ರಾತ್ರಿನೂ ಖಾಲಿ ಇಲ್ರೀ. ಜೂನ್‌ನಾಗ ಮಿರಗದ ಮಳಿ ಬರ್ತದಲ್ಲ, ಅಲ್ಲಿ ತನಕ ಭರ್ತಿ. ಬೇಕಂದ್ರ ನಿಮ್ಮ ಹೆಸರು ನೆನಪಿನಾಗ ಇಟ್ಕೋತೀನಿ."

"ರೇವಣಸಿದ್ದ," ಎಂದರು ಶಿವರಾಜ, "ಒಂದೀಟು ಹೇಳಪಾ ಮಾವಾರಿಗೆ. ನೀ ನಮ್ಮವ."

"ನೋಡ್ರಿ ಮಾವಾರ, ಒಂದಾದ್ರೂ..."

"ಒಂದು ಅದ," ಎಂದ ಕನಕರಾಯ, ಕಿಸೆಯ ಮರಿಯ ಕಿವಿ ಸವರುತ್ತ. "ಆದ್ರ ಅದು ಕೊಡಾಕ ಬರಂಗಿಲ್ಲ. ಆರು ವರ್ಷದಿಂದ ವರ್ಷಕ್ಕೊಂದು ರಾತ್ರಿ ಖಾಲಿ ಇಡ್ತೀನಿ. ರಾಯಚೂರಾಗ ನಮ್ಮ ಅಳಿಯಂದು ಮನಿ ಅದ. ಕರೀತಾನೇನೋ ಅಂತ."

ರೇವಣಸಿದ್ದ ತನ್ನ ಬೂಟು ನೋಡಿದ. ಬೂಟಿನ ಮೇಲೆ ಹನ್ನೆರಡನೇ ಸಾಲಿನಿಂದ ಇಪ್ಪತ್ತನೇ ಸಾಲಿನವರೆಗಿನ ಪುರಾವೆ ಇತ್ತು.

"ಬರ್ರಿ ಮಾವಾರ. ಈ ವಾರನ ಬರ್ರಿ. ಅತ್ತಿಯವರನ್ನೂ ಕರ್ಕೊಂಡು."

"ಮತ್ತ ಇವು?" ಕನಕರಾಯ ಕೈ ಬೀಸಿ ಸುತ್ತ ತೋರಿಸಿದ.

ರೇವಣಸಿದ್ದ ಬಡಾವಣೆಯನ್ನು, ವಿಜಯಲಕ್ಷ್ಮಿಯ ಗೇಟನ್ನು, ಪಕ್ಕದ ಎರಡು ಖಾಲಿ ಸೈಟುಗಳನ್ನು ನೆನೆದ. "ಇವೂ," ಎಂದ.

ಬಸ್ಸಿನಲ್ಲಿ ಭಾಗ್ಯಜ್ಯೋತಿ ಮಾತಿನಂತೆ ನಡೆದುಕೊಂಡಳು. ಹಾಸಿಗೆ ತೊಡೆಯ ಎತ್ತರ. ಬಚ್ಚಲಮನೆಗೆ ಗಾಜಿನ ಗೋಡೆ. ಕಟ್ಟಿದವರಿಗೆ ಇಟ್ಟಿಗೆ ಸಾಲದೆ ಬಂದಿರಬೇಕು. ಬಕೀಟು ತಾಮ್ರದ್ದು. ಹೂವನ್ನು ಮಲಗುವವರೇ ಕೈಯಿಂದ ಗೋರಿ ಕಸದ ಬುಟ್ಟಿಗೆ ಹಾಕಬೇಕು.

"ಗ್ವಾಡಿ ಮ್ಯಾಲ ಒಂದು ಫೋಟೋ ಅದ," ಎಂದಳು ಕೊನೆಗೆ. "ಬಾಗಲದಷ್ಟು ದೊಡ್ಡದು. ರುಮಾಲು ಸುತ್ತಿ, ಕಂಬಳಿ ಹೊತ್ತು, ಕುರಿ ನಡುವ ನಿಂತ ಮುದುಕಂದು. ಚಂದ ಅದ ಅಂತ ಆ ಮೇಡಂ ಮೂರು ಸಲ ಹೇಳಿದ್ಲು."

"ನಿಮ್ಮಪ್ಪನೇನು?"

"ಅಲ್ಲ. ನಮ್ಮಪ್ಪ ಹೊರಗ ಇದ್ನಲ್ಲ."

ಗುರುವಾರ ಸಂಜೆ, ಎರಡು ದಿನ ನಡೆದು, ಹಿಂಡು ರಾಯಚೂರಿನ ಬಡಾವಣೆಯನ್ನು ಪ್ರವೇಶಿಸಿತು. ಎರಡು ಕಾರು ಹಿಂದಕ್ಕೆ ಸರಿದವು. ಜಿಲಾನಿ ಪಾಷಾ ಸ್ಕೂಟರ್ ನಿಲ್ಲಿಸಿ, ಇಳಿಯದೆ, ಬಾಯಿ ತೆರೆದುಕೊಂಡು ನೋಡಿದ. ವಿಜಯಲಕ್ಷ್ಮಿ ಮಹಡಿಯ ಮೇಲಿಂದ ಕೂಗಿ ಕೇಳಿದಳು: "ರೇವಣಸಿದ್ದಪ್ಪ, ಯಾರು ಇವರು? ಎಷ್ಟು ಮಂದಿ ಅದಾರ?"

ರೇವಣಸಿದ್ದ ಈ ಸಲ ವಿವರವಾಗಿ ಹೇಳಿದ. "ನಮ್ಮ ಮಾವ ಒಬ್ಬರು, ಅತ್ತಿ ಒಬ್ಬರು, ನಾಯಿ ಎರಡು. ಕುರಿ ನೂರಾ ಅರವತ್ತೊಂದು. ಎಲ್ಲಾ ನಮ್ಮ ಮಾವಾರವ ಕುರಿ."

ವಿಜಯಲಕ್ಷ್ಮಿ ಒಳಗೆ ಹೋದಳು. ಬಡಾವಣೆಯ ಸಂಘಕ್ಕೆ ದೂರು ಹೋಗುತ್ತದೆಂದು ಅವನು ಕಾದ. ಅವಳು ಬುಟ್ಟಿ ಹಿಡಿದು ಕೆಳಗೆ ಬಂದಳು. "ಗುಲಾಬಿ ಕುಂಡ ಆರು ಅದಾವ" ಎಂದಳು.

ಕನಕರಾಯ ಆ ರಾತ್ರಿ ಮಂಚದ ಮೇಲೆ ಮಲಗಿದ. ಬೆಳಗ್ಗೆ ಎದ್ದು, ಚಹಾ ಕುಡಿದು, ಖಾಲಿ ಸೈಟುಗಳನ್ನು ಒಂದು ಸುತ್ತು ನೋಡಿ ಬಂದು, ಹೊಸ್ತಿಲಲ್ಲಿ ನಿಂತ. ಅಳಿಯ ಆಶೀರ್ವಾದಕ್ಕೆಂದು ಬಗ್ಗಿದ. ಮಾವ ತಲೆಯ ಮೇಲೆ ಕೈ ಇಟ್ಟು, ತೆಗೆಯದೆ, "ಎಲ್ಲಾ ಛಲೋ ಆತಪ್ಪ. ಹಿಕ್ಕಿನೂ ಸಮ ಬಿದ್ದಾವ. ಜ್ವಾಳ?" ಎಂದ.

ಭಾಗ್ಯಜ್ಯೋತಿ ಒಳಗಿನಿಂದ ನಾಲ್ಕು ಸೇರು ಜೋಳ ಅಳೆದು ತಂದು ಗಂಡನ ಕೈಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಮಾವನ ಕಂಬಳಿಯ ಮಡಿಲಿಗೆ ಸುರಿದ.